ಮೊದಲು ಕೇಳಬೇಕಾದ ಕಿವಿ

ಪ್ರವೀಣನ ಮಗುವಿನ ಹೆಸರನ್ನು ಮೊದಲು ಕೇಳುವುದು ಆ ಮಗುವಿನ ಕಿವಿಯೇ ಎಂದು ರಜನಿ ಅವ್ವನಿಗೆ ಮಾತು ಕೊಟ್ಟು ಎಷ್ಟೋ ವರ್ಷವಾಗಿತ್ತು. ತಮ್ಮ ಪ್ರವೀಣನನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಉಸುರುವ ಮೊದಲೇ ಯಾರೋ ಹೆಸರು ಕೂಗಿಬಿಟ್ಟಿದ್ದರಂತೆ. ಅವನು ಗಣಿತದಲ್ಲಿ ಫೇಲಾದರೂ, ಸೈಕಲ್ಲಿನಿಂದ ಬಿದ್ದರೂ ಅವ್ವ ಗುರುಶಾಂತವ್ವ ಹೇಳುತ್ತಿದ್ದ ಕಾರಣ ಅದೊಂದೇ.

ಈಗ, 2006ರ ಆಗಸ್ಟಿನಲ್ಲಿ, ಅದೇ ಪ್ರವೀಣನ ಮಗಳಿಗೆ ಸ್ಯಾನ್ ಡಿಯೇಗೋದ ಮನೆಯಲ್ಲಿ ತೊಟ್ಟಿಲು. ಹೆಸರು ಆರಿಸುವುದನ್ನೂ ಗಂಡಹೆಂಡತಿ ಸೋದರತ್ತೆ ರಜನಿಗೇ ಬಿಟ್ಟಿದ್ದರು. ಹಿಂದಿನ ದಿನ ಅವಳು ಕಲ್ವರ್ ಸಿಟಿಯ ಆಫೀಸಿನಲ್ಲಿದ್ದಾಗ ತಮ್ಮನ ಫೋನು ಬಂತು.

"ಅಕ್ಕಾ, ಹೆಸರು ಹೇಳಿಬಿಡ. ವೆಬ್‌ಸೈಟ್ ಬುಕ್ ಮಾಡ್ತೀನಿ. ಲೇಟಾದ್ರ ಯಾರರೆ ಹೊಡಕೊಂಡು ಹೋಗ್ತಾರ."

"ಕೂಸಿಗೆ ಇನ್ನೂ ಕುತ್ತಿಗಿ ನಿಂತಿಲ್ಲ, ವೆಬ್‌ಸೈಟ್ ಬೇಕಂತ," ಎಂದು ಫೋನಿಟ್ಟಳು. ಆದರೆ ಕೈ ಸುಮ್ಮನಿರಲಿಲ್ಲ. ಹುಡುಕಿ ನೋಡಿದರೆ ತಾನು ಆರಿಸಿಟ್ಟಿದ್ದ ಹೆಸರಿನ ಡಾಟ್ ಕಾಮ್ ಆಗಲೇ ಯಾರದೋ ಪಾಲಾಗಿತ್ತು. ಡಾಟ್ ನೆಟ್ಟೂ ಅಷ್ಟೇ.

ಪಕ್ಕದ ಮೇಜಿನ ಇಂಗಾ ಇಣುಕಿದಳು. ಅವಳು ಓಲಂಡ್ ದ್ವೀಪದವಳು. ಫಿನ್ಲೆಂಡಿಗೆ ಸೇರಿದ್ದರೂ ತನ್ನ ಆಡಳಿತ ತಾನೇ ನಡೆಸುವ ನಾಡು. ಇಂಟರ್ನೆಟ್ ವಿಳಾಸದ ಕೊನೆಗೆ ಹಚ್ಚಿಕೊಳ್ಳಲು ಅದಕ್ಕೆ ತನ್ನದೇ ಎರಡಕ್ಷರ ಸಿಕ್ಕಿತ್ತು: ಡಾಟ್ ಎ ಎಕ್ಸ್. ಆ ವಾರವಷ್ಟೇ ಜನರಿಗೆ ಕೊಡಲು ಶುರುಮಾಡಿದ್ದರು. ಮನೆಯಲ್ಲಿ ಕೂಸು ಹುಟ್ಟಿದವಳ ಹಾಗೆ ಇಂಗಾ ಆಫೀಸಿಗೆಲ್ಲ ಏಲಕ್ಕಿ ಬನ್ನು ಹಂಚಿದ್ದಳು. ದ್ವೀಪದಲ್ಲಿ ವಾಸವಿರುವವರಿಗೆ ಮಾತ್ರ ಕೊಡುತ್ತಾರೆ, ಆದರೆ ತನ್ನ ಅಪ್ಪ ಅಲ್ಲೇ ಇದ್ದಾನೆ, ಅವನು ತನ್ನ ಹೆಸರಿಗೆ ತೆಗೆದುಕೊಂಡು ಕೂಸಿಗೆ ಉಡುಗೊರೆ ಕೊಡುತ್ತಾನೆ ಎಂದಳು. ಇನ್ನೂ ಯಾರೂ ಕೈ ಹಚ್ಚಿಲ್ಲ, ಎಲ್ಲ ಹೆಸರೂ ಖಾಲಿ ಇವೆ ಎಂದಳು.

ಬರೆದದ್ದು ಕೇಳಿದಂತಲ್ಲ ಎಂದು ರಜನಿ ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಸ್ಕ್ರೀನಿನ ಮೇಲೆ ಹೆಸರು ತೋರಿಸಿದಳು. ಇಂಗಾ ಓದಲು ತುಟಿ ತೆರೆದಾಗ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಸಿಕ್ಕ ಕೂಡಲೇ ಫೋನ್ ಮಾಡಲು ಹೇಳಿ, ಸಂಜೆ ಟ್ರಾಫಿಕ್ಕಿನಲ್ಲಿ ಒಬ್ಬಳೇ ನಗುತ್ತ ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿದಳು.

ಮರುದಿನ ಕ್ರಿಬ್ಬಿಗೆ ಇಳಕಲ್ ಸೀರೆ ಸುತ್ತಿ ತೊಟ್ಟಿಲು ಮಾಡಿದ್ದರು. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದ ಕೂಡಲೇ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಹೆಂಗಸರು ಬಳೆ ಹಿಂದೆ ಸರಿಸಿಕೊಂಡು ನಿಂತಿದ್ದರು.

"ಯಾರ ಮುಂದೂ ಅಂದಿಲ್ಲಲಾ?" ಗುರುಶಾಂತವ್ವ ಕೇಳಿದಳು.

"ಯಾರ ಕಿವಿಗೂ ಬಿದ್ದಿಲ್ಲವ್ವ."

ರಜನಿ ತೊಟ್ಟಿಲ ಮೇಲೆ ಬಾಗಿದಳು. ಸೋಫಾದ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಆಫೀಸಿನದೇ ಇರಬೇಕೆಂದು, ಒಂದು ಕೈಯಲ್ಲಿ ವಿಡಿಯೋ ಕ್ಯಾಮರಾ ಹಿಡಿದಿದ್ದ ಪ್ರವೀಣ ಇನ್ನೊಂದು ಕೈಯಲ್ಲಿ ಸ್ಪೀಕರ್ ಒತ್ತಿದ. ಇಂಗಾ ಹಲೋ ಕೂಡ ಅನ್ನಲಿಲ್ಲ. ಸಂಭ್ರಮದಲ್ಲಿ ಹೆಸರನ್ನೇ ಕೂಗಿದಳು, ಅದರ ಬಾಲಕ್ಕೆ ಡಾಟ್ ಎ ಎಕ್ಸ್ ಸೇರಿಸಿ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ.

"ಸಿಕ್ತೇನಕ್ಕಾ?" ಪ್ರವೀಣನ ಮುಖ ಅರಳಿತ್ತು.

ಗುರುಶಾಂತವ್ವನ ಗುದ್ದು ರಜನಿಯ ಬೆನ್ನಿಗೆ ಬಿತ್ತು. ಅದು ಪದ್ಧತಿಯ ಗುದ್ದಾಗಿರಲಿಲ್ಲ.

ಮಗು ಗಾಢ ನಿದ್ದೆಯಲ್ಲಿತ್ತು. ಇಡೀ ಮನೆಯಲ್ಲಿ ಆ ಹೆಸರು ಕೇಳದವಳು ಅವಳೊಬ್ಬಳೇ. ರಜನಿ ಕೊಟ್ಟ ಮಾತು ನಡೆಯಲಿಲ್ಲ.