ಹೆಚ್ಚಿದ ಸಕ್ಕರೆ

ದೇಶದಲ್ಲಿ ಮಧುಮೇಹ ಎಷ್ಟಿದೆ, ಎಲ್ಲೆಲ್ಲಿ ಏರುತ್ತಿದೆ ಎಂದು ತಿಳಿಯುವ ಸಮೀಕ್ಷೆಯಲ್ಲಿ ಮಂದಾಕಿನಿಯ ಪಾಲಿಗೆ ಬಂದದ್ದು ನಲವತ್ತು ಮನೆಗಳ ಒಂದು ಹಳೇ ಬೀದಿ. ಮೊದಲ ಸುತ್ತಿನಲ್ಲಿ ಬರೀ ಕೇಳಿ ಬರೆದುಕೊಳ್ಳುವುದು. ರಕ್ತ ಪರೀಕ್ಷೆ ಆಮೇಲೆ.

ಮೊದಲ ಮನೆಯ ಜಗಲಿಯಲ್ಲಿ ಪುಟ್ಟಗೌರಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು.

"ಸರ್ಕಾರದಿಂದ ಬಂದಿದ್ದೀನಿ ಅಜ್ಜಿ. ನಿಮ್ಮನೇಲಿ ಸಕ್ಕರೆ ಹೇಗಿದೆ?"

ಅಜ್ಜಿಯ ಮುಖ ಅರಳಿತು. "ಹೆಚ್ಚಿದೆ ಕಣವ್ವ! ಬರ್ಕೋ, ಬರ್ಕೋ."

ಕಾಯಿಲೆ ಹೇಳಿಕೊಳ್ಳುವುದಕ್ಕೂ ಇಷ್ಟು ಸಡಗರವೇ ಎಂದುಕೊಂಡಳು ಮಂದಾಕಿನಿ. ಪಕ್ಕದ ಮನೆಯಲ್ಲೂ ಹೆಚ್ಚಿತ್ತು. ಎದುರು ಮನೆಯಲ್ಲೂ ಹೆಚ್ಚಿತ್ತು. ಸುದ್ದಿ ಹರಡಿ, ಬೀದಿಯ ಕೊನೆಯವರಂತೂ ತಾವೇ ಓಡಿ ಬಂದು "ನಮ್ಮನೇಲೂ ಹೆಚ್ಚಿದೆ" ಎಂದು ಬರೆಸಿ ಹೋದರು.

ವಾರದೊಳಗೆ ದೇಶದ ನಕ್ಷೆಯಲ್ಲಿ ಆ ಬೀದಿ ಕೆಂಪು ಚುಕ್ಕೆಯಾಯಿತು. ದೊಡ್ಡ ಡಾಕ್ಟರು ಜೀಪಿನಲ್ಲಿ ಧಾವಿಸಿ ಬಂದು ಎಲ್ಲರ ಬೆರಳು ಚುಚ್ಚಿಸಿದರು. ಇಡೀ ಬೀದಿಗೆ ಕಾಯಿಲೆ ಇದ್ದವರು ಇಬ್ಬರೇ. ಡಾಕ್ಟರು ಮಂದಾಕಿನಿಯನ್ನು ದುರುಗುಟ್ಟಿ ನೋಡಿದರು. ಅವಳು ನೇರ ಜಗಲಿಗೆ ಓಡಿದಳು.

"ನನ್ನ ಕೆಲಸಕ್ಕೇ ಕುತ್ತು ಬಂತಲ್ಲ ಅಜ್ಜಿ! ಸಕ್ಕರೆ ಹೆಚ್ಚಿದೆ ಅಂತ ನೀವೇ ತಾನೇ ಹೇಳಿದ್ದು?"

ಅಜ್ಜಿ ಒಳಗಿಂದ ಡಬ್ಬಿ ತಂದು ಅವಳ ಮುಂದೆ ಬೋರಲು ಹಾಕಿದರು. ಒಂದು ಹರಳೂ ಬೀಳಲಿಲ್ಲ.

"ಮುಗಿದೋಯ್ತು ಅಂತ ಬಾಯಿಬಿಟ್ಟು ಅನ್ನಬಾರ್ದು ಕಣವ್ವ, ಹೆಚ್ಚಿದೆ ಅನ್ನಬೇಕು. ಅದಿರ್ಲಿ, ನೀನು ಬರ್ಕೊಂಡೋಗಿ ವಾರ ಆಯ್ತು, ಎಲ್ಲವ್ವಾ ಸಕ್ಕರೆ?"