ಉಪ್ಪಿಲ್ಲದ ನೂರು ಅಡುಗೆ

ಗಂಡನ ಕಿಡ್ನಿ ಕೆಟ್ಟ ಮೇಲೆ ಮೂರು ವರ್ಷ ಉಪ್ಪಿಲ್ಲದೆ ಅಡುಗೆ ಮಾಡಿ, ಅವನಿಗೇ ಬಡಿಸಿ, ಅಳತೆ ತಿದ್ದಿ ತಿದ್ದಿ ಅವಳು ಬರೆದ ಪುಸ್ತಕದ ಮೊದಲ ಪ್ರತಿ ಅಂದು ಬೆಳಿಗ್ಗೆ ಬಂದಿತ್ತು. ಅವನು ಹಾಸಿಗೆಯಲ್ಲೇ ಒರಗಿ ಪುಟ ತಿರುವಿದ.

"ನೂರು ಅಡುಗೆ ಬರ್ದಿದ್ದೀಯ, ಒಂದು ಉಪ್ಪಿನಕಾಯಿ ಇಲ್ವಲ್ಲೇ!"

"ಸುಮ್ನಿರ್ರೀ."

"ಒಂದೇ ಒಂದು ಮಾವಿನಮಿಡಿ ಕೊಡೇ. ನೆಕ್ಕಿ ವಾಪಸ್ ಕೊಡ್ತೀನಿ."

ಮೂರು ವರ್ಷದಿಂದ ದಿನವೂ ಇದೇ ಬೇಡಿಕೆ. ಅವಳದೂ ದಿನವೂ ಒಂದೇ ಉತ್ತರ: "ನನಗೆ ನೀವು ಬೇಕು."

ಮಧ್ಯಾಹ್ನ ಡಾಕ್ಟರು ಬಂದು ನೋಡಿದರು. ಹೊರಡುವಾಗ ಗೇಟಿನ ಬಳಿ ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಇನ್ನು ಪಥ್ಯ ಸಾಕಮ್ಮ. ಬಾಯಿಗೆ ಏನು ಬೇಕಂತಾರೋ ಕೊಟ್ಬಿಡಿ."

"ಬೇರೆ ದಾರಿನೇ ಇಲ್ವಾ ಡಾಕ್ಟ್ರೇ? ಏನಾದ್ರೂ?"

ಅವರು ಅವಳ ಮುಖ ನೋಡದೆ ಕಾರು ಹತ್ತಿದರು.

ಅವಳು ಮುಖ ತೊಳೆದುಕೊಂಡು, ಪಕ್ಕದ ಮನೆಯಿಂದ ಕೇಳಿ ತಂದ ಮಿಡಿಯನ್ನು ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದಳು. "ಪುಸ್ತಕ ಬಂದ ಖುಷಿಗೆ ಇವತ್ತೊಂದಿನ ತಿನ್ನಿ" ಎಂದು ನಕ್ಕಳು.

ಅವನು ಮಿಡಿಯನ್ನು ನೋಡಿದ. ಬಹಳ ಹೊತ್ತು ಅವಳ ಮುಖವನ್ನು ನೋಡಿದ. ಆಮೇಲೆ ತಟ್ಟೆಯನ್ನು ದೂರ ತಳ್ಳಿದ.

"ಬೇಡ ಕಣೇ, ಬೇಡ. ನಿನ್ನ ಪುಸ್ತಕದಲ್ಲಿರೋದನ್ನೇ ಏನಾದ್ರೂ ಮಾಡ್ಕೊಡು."