ಆಂಬುಲೆನ್ಸ್ ಇಲ್ಲದ ರೇಸು

ದೊಡ್ಡವರ ರೇಸಿನಲ್ಲಿ ಬಿದ್ದ ಒಬ್ಬನನ್ನು ಹಾಕಿಕೊಂಡು ಆಂಬುಲೆನ್ಸ್ ನಾಸಿಕದ ಆಸ್ಪತ್ರೆಗೆ ಹೊರಟುಹೋಯಿತು. ಅದು ಕಣ್ಮರೆಯಾದದ್ದೇ ತಡ, ಸರೋಜಿನಿ ಮಕ್ಕಳ ರೇಸನ್ನು ತಡೆದಳು. ದಿಂಡೋರಿ ರಸ್ತೆಗೆ ಹತ್ತಿದ ಆ ಮಣ್ಣಿನ ಮೈದಾನದಲ್ಲಿ ಹದಿನಾಲ್ಕರೊಳಗಿನ ಮಕ್ಕಳು ಸಣ್ಣ ಬೈಕುಗಳ ಮೇಲೆ ಸಾಲಾಗಿ ಕೂತಿದ್ದರು. ಅವರ ಮುಂದೆ ಅವಳು ಕೆಂಪು ಬಾವುಟ ಹಿಡಿದು ನಿಂತಳು.

ಬಾವುಟ ಅವಳ ಕೈಗೆ ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಇದೇ ಕ್ಲಬ್ಬಿನವರು ಸಣ್ಣವರು ದೊಡ್ಡವರೆನ್ನದೆ ಎಲ್ಲರನ್ನೂ ಒಟ್ಟಿಗೆ ಓಡಿಸಿದ್ದರು. ದಿಬ್ಬ ಹಾರಿ ಬಂದ ಹದಿನೇಳರ ಹುಡುಗನ ಬೈಕು ಅವಳ ಮಗಳು ಪ್ರಿಯಾಳ ತೊಡೆಯ ಮೇಲೇ ಇಳಿದಿತ್ತು. ಆಂಬುಲೆನ್ಸ್ ಇರಲಿಲ್ಲ. ಟೆಂಪೋದಲ್ಲಿ ಮಲಗಿಸಿ ಒಯ್ಯುವಾಗ ಒಂದೊಂದು ಗುಂಡಿಗೂ ಹುಡುಗಿ ಚೀರಿದ್ದು ಸರೋಜಿನಿಯ ಕಿವಿಯಿಂದ ಇನ್ನೂ ಹೋಗಿಲ್ಲ. ಆಮೇಲೆ ಅವಳು ತಾನಿರುವ ಚಿಕಲಠಾಣಾದಿಂದ ಮತ್ತೆ ಮತ್ತೆ ಬಸ್ಸು ಹತ್ತಿ ಬಂದು, ಕ್ಲಬ್ಬಿನ ಸಭೆಗಳಲ್ಲಿ ತನ್ನ ಹರಕು ಮರಾಠಿಯಲ್ಲೇ ಜಗಳಾಡಿ ನಿಯಮ ಬದಲಿಸಿದ್ದಳು. ವಯಸ್ಸಿಗೆ ತಕ್ಕ ಗುಂಪು, ಗುಂಪಿಗೆ ತಕ್ಕ ಬೈಕು. ಮೈದಾನದಲ್ಲಿ ಆಂಬುಲೆನ್ಸ್ ನಿಂತಿರದೆ ಮಕ್ಕಳ ರೇಸು ಶುರುವಾಗಕೂಡದು. ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ಕ್ಲಬ್ಬು ಅವಳಿಗೇ ಕೊಟ್ಟಿತ್ತು.

"ಗಾಡಿ ಟ್ರಾಫಿಕ್‌ನಾಗ ಸಿಕ್ಕೊಂಡದರಿ, ತಾಯಿ," ಎಂದ ಕ್ಲಬ್ಬಿನ ಉಮಾನಾಥ ಸ್ವಲ್ಪ ಹೊತ್ತಿನ ಮೇಲೆ, ಫೋನು ಕಿವಿಯಿಂದ ತೆಗೆದು. ಅವಳಂತೆ ಅವನೂ ಬೀದರ ಕಡೆಯವನೇ. "ಬರಲಿಕ್ಕ ತಾಸು ಹಿಡೀತದ. ಇದು ಹತ್ತು ಮಿನಿಟಿನ ರೇಸು. ಪೋರಗೋಳು ಬಿಸಿಲಾಗ ಬೇಯಲಿಕತ್ತಾವ."

"ಹೆಲ್ಮೆಟ್ ತೆಗದು ನೆರಳಿಗೆ ಕೂಡಲಿ. ಗಾಡಿ ಬರಲಿ, ಆಮ್ಯಾಲ ಬಿಡ್ತೀನಿ."

ಹಗ್ಗದ ಆಚೆ ನಿಂತ ತಂದೆತಾಯಿಯರಲ್ಲಿ ಗುಜುಗುಜು ಎದ್ದಿತು. ತನ್ನ ಮಗಳ ಕಾಲು ಮುರಿಯಿತೆಂದು ಎಲ್ಲರ ಮಕ್ಕಳನ್ನೂ ಕುಂಟರ ಹಾಗೆ ಕೂರಿಸುತ್ತಾಳೇನು ಎಂದು ಕೊಲ್ಹಾಪುರದಿಂದ ಬಂದವನೊಬ್ಬ ಮರಾಠಿಯಲ್ಲಿ ಗಟ್ಟಿಯಾಗಿಯೇ ಅಂದ. ಕೆಲವರು ನಕ್ಕರು. ಗಂಡ ಶಶಿಕಾಂತ ಹಗ್ಗ ದಾಟಿ ಬಂದ. ತನ್ನ ಪರವಾಗಿ ಒಂದು ಮಾತಾಡಿಯಾನು ಎಂದುಕೊಂಡಳು ಸರೋಜಿನಿ.

"ಸಾಕು ಮಾಡು," ಎಂದ ಅವನು ಹಲ್ಲು ಕಚ್ಚಿ. "ಮಂದ್ಯಾಗ ಮಾನ ಕಳೀಬ್ಯಾಡ."

ಅದಕ್ಕೂ ಅವಳು ಜಗ್ಗುತ್ತಿರಲಿಲ್ಲ. ಆದರೆ ಸಾಲಿನ ತುದಿಯಲ್ಲಿ ಕೂತಿದ್ದ ಪ್ರಿಯಾ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ಕಾಲಲ್ಲಿ ರಾಡು ಕೂರಿಸಿಕೊಂಡೇ ಮತ್ತೆ ಬೈಕು ಹತ್ತಿದ್ದ ಹುಡುಗಿ. ಮುಖವೆಲ್ಲ ಬೆವರು, ಕಣ್ಣು ಕೆಂಪು.

"ಆಯಿ, ಪ್ಲೀಸ್ ನಾ. ಎಲ್ಲಾರೂ ನನ್ನ ಕಡೆನೇ ನೋಡ್ತಾರ. ನಾನೇ ಅಂಜಿ ನಿಲ್ಲಿಸೀನಿ ಅಂತಾರ. ಭೀತಿ ನಿನಗದ ಆಯಿ, ನನಗಿಲ್ಲ."

ಸರೋಜಿನಿ ರಸ್ತೆಯ ಕಡೆ ನೋಡಿದಳು. ದ್ರಾಕ್ಷಿಯ ಕ್ರೇಟು ಹೇರಿದ ಲಾರಿಯೊಂದು ಬರುತ್ತಿತ್ತು, ಬೇರೇನೂ ಇಲ್ಲ. ಅವಳು ಪಕ್ಕಕ್ಕೆ ಸರಿದು, "ಬಿಡ್ರಿ," ಅಂದಳು.

ರೇಸನ್ನು ಅವಳು ನೋಡಲಿಲ್ಲ. ಬೈಕುಗಳ ಸದ್ದು ದಿಬ್ಬದ ಹತ್ತಿರ ಬಂದು ಗಾಳಿಯಲ್ಲಿ ತೇಲಿದಾಗಲೆಲ್ಲ ಉಸಿರು ಬಿಗಿಹಿಡಿದು, ಮತ್ತೆ ನೆಲಕ್ಕಿಳಿದ ಸದ್ದಾದ ಮೇಲೆ ಬಿಡುತ್ತಿದ್ದಳು. ಯಾರೂ ಬೀಳಲಿಲ್ಲ. ಯಾರಿಗೂ ಒಂದು ಗೀರೂ ಆಗಲಿಲ್ಲ. ಪ್ರಿಯಾ ಎಲ್ಲರಿಗಿಂತ ಮುಂದೆ ಬಂದಳು, ಕುಂಟುತ್ತ ಓಡಿಬಂದು ಧೂಳು ಮೆತ್ತಿದ ಮೈಯಲ್ಲೇ ತಾಯಿಯನ್ನು ತಬ್ಬಿದಳು. ಸರೋಜಿನಿಗೆ ಹಿಗ್ಗಾಗಲಿಲ್ಲ ಎಂದರೆ ಸುಳ್ಳಾದೀತು. ಮಗಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು.

"ನೋಡಿದಿರಾ, ಸುಮ್ಮನೆ ಹೆದರಿದೆವು!" ಎಂದು ಮೈಕಿನಲ್ಲಿ ಉಮಾನಾಥ ಮರಾಠಿಯಲ್ಲಿ ಕೂಗುತ್ತಿದ್ದ. "ನಮ್ಮ ಸರೋಜಿನಿತಾಯಿಯವರ ಮಗಳೇ ಗೆದ್ದಳು! ಈಗ ಹತ್ತರೊಳಗಿನ ಪುಟಾಣಿಗಳು, ಬೇಗ ಬನ್ನಿ!"

ಸರೋಜಿನಿ ತಟ್ಟನೆ ಮಗಳನ್ನು ಬಿಟ್ಟಳು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಈ ಸಲ ಅವಳನ್ನು ಯಾರೂ ಕೇಳಲೂ ಇಲ್ಲ. "ನಿಲ್ಲಿಸ್ರಿ!" ಎಂದು ಕೂಗಿದಳು, ಮೈಕಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಓಡಿಹೋಗಿ ಸಾಲಿನಲ್ಲಿ ಮೊದಲು ಸಿಕ್ಕ ತಾಯಿಯ ಕೈ ಹಿಡಿದಳು. ನಿಫಾಡದ ದ್ರಾಕ್ಷಿ ತೋಟದಲ್ಲಿ ದುಡಿಯುವ ಮಂಗಲಾ, ವಿಜಯಪುರದ ಕಡೆಯವಳು, ಕ್ಲಬ್ಬಿನ ಬೈಕು ಹತ್ತಿದ ಏಳು ವರ್ಷದ ಮಗನ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

"ಬ್ಯಾಡವ್ವಾ, ಕಳಿಸಬ್ಯಾಡ. ಗಾಡಿ ಇನ್ನಾ ಬಂದಿಲ್ಲ."

ಮಂಗಲಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನನಗೂ ಅಂಜಿಕಿ ಇತ್ತರಿ ಅಕ್ಕಾ," ಎಂದು ನಕ್ಕಳು. "ನೀವೇ ನಿಮ್ಮ ಮಗಳನ್ನ ಕಳಿಸಿದ್ರಲ್ಲ, ಅದನ್ನ ನೋಡಿದ ಮ್ಯಾಲೆ ಹೋತು."